ಮಹಾಪ್ರಾಣ ಹೋದ ಮೊಹರು

ಹೋದ ನವೆಂಬರಿನಲ್ಲಿ ನಾನು ಎಂಟು ದಿನ ಸತ್ತಿದ್ದೆ. ಊಟ, ನಿದ್ದೆ, ಬೆಳಗಿನ ವಾಕಿಂಗು, ಹೆಂಡತಿಯಿಂದ ಬೈಸಿಕೊಳ್ಳುವುದು ಎಲ್ಲವೂ ಎಂದಿನಂತೆ ನಡೆದಿತ್ತು. ಸತ್ತದ್ದು ಕಾಗದದ ಮೇಲೆ. ಕಾರಣ ಬಿ.ಪಿ.ಯೂ ಅಲ್ಲ, ಶುಗರೂ ಅಲ್ಲ. ಒಂದೂವರೆ ಇಂಚಿನ ರಬ್ಬರ್ ತುಂಡು, ಅದರ ಮೇಲೆ ಕೂತಿದ್ದ ಹನ್ನೊಂದು ವರ್ಷದ ಕೊಳೆ.

ಪಿಂಚಣಿ ತಿನ್ನುವವರಿಗೆ ಈ ಸಂಕಟ ಗೊತ್ತು. ವರ್ಷಕ್ಕೊಮ್ಮೆ, ರಾಜ್ಯೋತ್ಸವದ ತೋರಣ ಒಣಗುವ ಹೊತ್ತಿಗೆ, ನಾವು ಬದುಕಿದ್ದೇವೆಂದು ಸಾಬೀತು ಮಾಡಬೇಕು. ಕೌಂಟರಿನ ಎದುರು ನಿಂತು ‘ನಾನೇ ಬಂದಿದ್ದೇನೆ’ ಅಂದರೆ ನಡೆಯುವುದಿಲ್ಲ. ಬಂದವನು ನಾನೇ ಎಂದು ಇನ್ನೊಬ್ಬರು ಹೇಳಬೇಕು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಎಂಬ ಏರ್ಪಾಡು ತಂದು, ಯಂತ್ರದ ಮೇಲೆ ಬೆರಳಿಟ್ಟರೆ ಸಾಕು ಅಂದಿತು. ಹೆಬ್ಬೆಟ್ಟಿನವರಿಗೆ ಸಹಿ ಕಲಿಸುವುದರಲ್ಲೇ ಆಯಸ್ಸು ಸವೆಸಿದ ಕನ್ನಡ ಮೇಷ್ಟ್ರು ನಾನು. ಕಡೆಗೆ ನನ್ನನ್ನೇ ಹೆಬ್ಬೆಟ್ಟು ಒತ್ತಲು ಕರೆದರು.

ಹೋದೆ. ಮೂವತ್ತನಾಲ್ಕು ವರ್ಷ ಸೀಮೆಸುಣ್ಣ ಹಿಡಿದ ಬೆರಳು. ಗೆರೆಗಳೆಲ್ಲ ಕರಿಹಲಗೆಯ ಮೇಲೇ ಉಳಿದಿರಬೇಕು, ಯಂತ್ರ ಕೆಂಪು ದೀಪ ತೋರಿಸಿತು. ಯಂತ್ರದ ಮುಂದೆ ಕೂತಿದ್ದ ಹುಡುಗ ನನ್ನ ಬೆರಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಕೆಂಪು. ಒದ್ದೆ ಬಟ್ಟೆಯಿಂದ ಉಜ್ಜಿದ. ಕೆಂಪೇ. ‘ತಲೆಗೆ ಒಂದ್ಸಲ ಉಜ್ಕೊಳಿ ಸಾರ್, ಎಣ್ಣೆ ಪಸೆ ಹತ್ತಿದ್ರೆ ತಗೊಳ್ತದೆ’ ಅಂದವನು, ನನ್ನ ತಲೆಯ ಮೇಲೆ ಉಜ್ಜುವಂಥದ್ದು ಏನೂ ಇಲ್ಲವೆಂದು ಕಂಡು ತನ್ನ ತಲೆಯನ್ನೇ ಮುಂದಕ್ಕೆ ಬಾಗಿಸಿದ. ಅಪರಿಚಿತನ ತಲೆಗೆ ಬೆರಳು ತಿಕ್ಕಿ ನನ್ನ ಜೀವವನ್ನು ಸಾಬೀತು ಮಾಡುವ ಆ ಯತ್ನವೂ ಸೋತಿತು. 2021ರಿಂದ ಮುಖ ತೋರಿಸಿದರೂ ಆಗುತ್ತದೆ, ಕಣ್ಣು ಪಿಳುಕಿಸಿದರೆ ಸಾಕು. ಪಿಳುಕಿಸಿದೆ. ಅಷ್ಟರಲ್ಲಿ ನೆಟ್‌ವರ್ಕ್ ಕಣ್ಣು ಮುಚ್ಚಿತು.

‘ಹಳೇ ಪದ್ಧತೀಲೇ ಮಾಡಿಸ್ಬಿಡಿ ಸಾರ್’ ಎಂದು ಹುಡುಗ ಒಂದು ಫಾರಂ ಕೊಟ್ಟ. ಒಬ್ಬ ಪತ್ರಾಂಕಿತ ಅಧಿಕಾರಿಯ ಎದುರು ಹಾಜರಾಗಿ, ‘ಇವರು ಈ ದಿನ ಜೀವಂತವಾಗಿದ್ದಾರೆ’ ಎಂಬುದರ ಕೆಳಗೆ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಬೇಕು. ಯಾವ ಊರಿನ ಯಾವ ಕಚೇರಿ ಎಂದು ಹೇಳುವುದಿಲ್ಲ, ಮುಂದಿನ ನವೆಂಬರಿನಲ್ಲೂ ನಾನು ಬದುಕಬೇಕಲ್ಲ. ಅಧಿಕಾರಿಗಳು ಸಜ್ಜನರು. ತಲೆಯೆತ್ತಿ ನೋಡಿದರು, ಬದುಕಿದ್ದೇನೆಂದು ಅವರಿಗೆ ಮನವರಿಕೆಯಾಯಿತು, ಸಹಿ ಹಾಕಿದರು. ಹಿಂದಿನ ಕಾಲದಲ್ಲಿ ದಲಾಯತ ಅನ್ನುತ್ತಿದ್ದೆವು, ಆಮೇಲೆ ಜವಾನ ಅಂದೆವು, ಈಗ ಗ್ರೂಪ್ ‘ಡಿ’ ಅನ್ನುತ್ತೇವೆ, ಅಂಥ ಒಬ್ಬರು ಡ್ರಾಯರಿನಿಂದ ಸೀಲು ತೆಗೆದರು. ಅದನ್ನು ಬಾಯಿಯ ಹತ್ತಿರ ತಂದು, ಕನ್ನಡಕ ಒರೆಸುವವರಂತೆ, ‘ಹಾ…’ ಎಂದು ದೀರ್ಘವಾಗಿ ಉಸಿರು ಬಿಟ್ಟರು. ಪ್ಯಾಡಿಗೆ ಎರಡು ಏಟು, ಕಾಗದಕ್ಕೆ ಒಂದು. ದಪ್!

ಬಿದ್ದದ್ದು ಮೊಹರಲ್ಲ, ನೇರಳೆ ಹಣ್ಣು. ಜಜ್ಜಿದ್ದು.

ಮೂರನೆಯ ದಿನ ಕಾಗದ ವಾಪಸ್ಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಷರಾ: ‘ಮೊಹರು ಅಸ್ಪಷ್ಟ. ಹಿಂದಿರುಗಿಸಿದೆ.’ ಅಲ್ಲಿಗೆ ನಾನು ಅಸ್ಪಷ್ಟನಾದೆ.

ಮನೆಗೆ ಬಂದು ಸೋಫಾದಲ್ಲಿ ಕುಸಿದಾಗ ಎದುರು ಮೇಜಿನ ಮೇಲೆ ಸೊಸೆ ಸೀಲು ತೊಳೆಯುತ್ತಿದ್ದಳು. ಅವಳದು ಹವ್ಯಾಸ. ಶುಭಾಶಯ ಪತ್ರ, ಉಡುಗೊರೆಯ ಚೀಟಿ, ಮಗುವಿನ ಆಲ್ಬಮ್ಮು, ಇವುಗಳ ಮೇಲೆ ಚಿಟ್ಟೆ, ತಾವರೆ, ಆನೆಮರಿಗಳನ್ನು ಒತ್ತುತ್ತಾಳೆ. ಕೆಂಪು ರಬ್ಬರಿನವು ಕೆಲವು, ಗಾಜಿನಂತೆ ಪಾರದರ್ಶಕವಾದ ಪಾಲಿಮರಿನವು ಕೆಲವು. ಪಾಲಿಮರಿನದನ್ನು ಅಕ್ರಿಲಿಕ್ ಬಿಲ್ಲೆಗೆ ಅಂಟಿಸಿ ಒತ್ತಿ, ಮತ್ತೆ ಕಿತ್ತು ಹಾಳೆಯ ಮೇಲೆ ಜೋಡಿಸಿಡುತ್ತಾಳೆ. ಇಷ್ಟು ದಿನ ಅದನ್ನು ಹುಡುಗಾಟವೆಂದುಕೊಂಡಿದ್ದೆ. ಅವತ್ತು ಅವಳು ಒತ್ತಿದ ಚಿಟ್ಟೆಯನ್ನು ಎತ್ತಿ ನೋಡಿದೆ. ಕೂದಲಿಗಿಂತ ತೆಳ್ಳಗಿನ ಮೀಸೆ, ಎರಡೂ ಮೀಸೆಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕೆ, ಎಲ್ಲವೂ ಅಚ್ಚೊತ್ತಿದಂತೆ ಮೂಡಿದ್ದವು. ಇಲ್ಲದ ಚಿಟ್ಟೆಯ ಮೀಸೆ ಕಾಣುತ್ತದೆ, ಇರುವ ಮಾವ ಕಾಣುವುದಿಲ್ಲ.

‘ಇಷ್ಟು ಚೊಕ್ಕವಾಗಿ ಹೇಗಮ್ಮ ಬೀಳತ್ತೆ?’

‘ತೊಳೀತೀನಲ್ಲ ಮಾವ’ ಅಂದಳು. ನನ್ನ ಪ್ರಶ್ನೆಯೇ ಅವಳಿಗೆ ವಿಚಿತ್ರವಾಗಿ ಕಂಡಿತು. ಉಂಡ ತಟ್ಟೆ ಯಾಕೆ ತೊಳೆಯುತ್ತೀ ಅಂದ ಹಾಗೆ.

ಆಮೇಲೆ ಒಂದು ಗಂಟೆ ನನಗೆ ಪಾಠವಾಯಿತು. ಒತ್ತಿ ಮುಗಿದ ಕೂಡಲೇ, ಶಾಯಿ ಒಣಗುವ ಮೊದಲು, ಸೀಲನ್ನು ರದ್ದಿ ಕಾಗದದ ಮೇಲೆ ನಾಲ್ಕೈದು ಸಲ ಒತ್ತಬೇಕು. ಉಳಿದ ಶಾಯಿಯನ್ನು ಕಾಗದವೇ ಕುಡಿಯುತ್ತದೆ. ಬಳಿಕ ಒದ್ದೆ ಬಟ್ಟೆ. ನೀರಿನ ಶಾಯಿಗೆ ನೀರು ಸಾಕು. ಪಿಗ್ಮೆಂಟ್ ಶಾಯಿ ದಪ್ಪ, ಅದಕ್ಕೆ ಹನಿ ಸೋಪು ಬೇಕು. ಪ್ಲಾಸ್ಟಿಕ್, ಗಾಜಿನ ಮೇಲೂ ಅಳಿಯದೆ ನಿಲ್ಲುವ ಸಾಲ್ವೆಂಟ್ ಶಾಯಿ ನೀರಿಗೆ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಅದರದೇ ಕ್ಲೀನರ್ ತರಬೇಕು. ಗೆರೆಗಳ ಸಂದಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶು, ಹಳೆಯದಾದರೆ ಇನ್ನೂ ಒಳ್ಳೆಯದು. ಸ್ಪಿರಿಟ್ಟು ಹಾಕಿದರೆ ಕೆಂಪು ರಬ್ಬರು ಒಣಗಿ ಬಿರಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲು ಸೋಕಿದರೆ ರಬ್ಬರು ಊದಿಕೊಳ್ಳುತ್ತದೆ. ಉಗುರುಬಣ್ಣ ತೆಗೆಯುವ ದ್ರಾವಣವನ್ನಂತೂ ಪಾಲಿಮರಿನ ಹತ್ತಿರವೇ ಒಯ್ಯಬಾರದು. ಮರದ ಹಿಡಿಯದಾದರೆ ನೀರಿನಲ್ಲಿ ನೆನೆಹಾಕಕೂಡದು, ಗೋಂದು ಬಿಟ್ಟು ರಬ್ಬರು ಒಂದು ಕಡೆ, ಮರ ಒಂದು ಕಡೆ ಆಗುತ್ತದೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬಾರದು. ಇಂಕ್ ಪ್ಯಾಡನ್ನು ಮುಚ್ಚಳ ಹಾಕಿ ಮಕಾಡೆ ಮಲಗಿಸಬೇಕು, ಶಾಯಿ ಮೇಲ್ಮೈಯ ಹತ್ತಿರವೇ ನಿಲ್ಲುತ್ತದೆ.

‘ಕಲೆ ಉಳಿದ್ರೆ ಪರ್ವಾಗಿಲ್ಲ ಮಾವ. ಕಲೆ ಬೇರೆ, ಕೊಳೆ ಬೇರೆ. ಬಣ್ಣ ಹತ್ತಿದ್ದು ಒತ್ತಿದಾಗ ಕಾಣಲ್ಲ, ಗೆರೆ ಮುಚ್ಚಿದ್ದು ಮಾತ್ರ ಕಾಣತ್ತೆ’ ಅಂದಳು. ಮೂವತ್ತನಾಲ್ಕು ವರ್ಷ ಅಲಂಕಾರಶಾಸ್ತ್ರ ಪಾಠ ಮಾಡಿದವನಿಗೆ ಇಷ್ಟು ಸೂಕ್ಷ್ಮವಾದ ಭೇದ ಹೊಳೆದಿರಲಿಲ್ಲ.

ಇನ್ನೊಂದು ವಿಷಯಕ್ಕೆ ಬೆರಗಾದೆ. ಒತ್ತುವ ಮೊದಲು ಅವಳೂ ಆಗಾಗ ಸೀಲನ್ನು ಬಾಯಿಯ ಹತ್ತಿರ ತಂದು ‘ಹಾ’ ಅನ್ನುತ್ತಾಳೆ! ಸ್ಕೆಚ್ ಪೆನ್ನಿನಿಂದ ಸೀಲಿಗೆ ಬಣ್ಣ ಬಳಿದಾಗ ಬೇಗ ಒಣಗಿಬಿಡುತ್ತದಂತೆ, ಉಸಿರಿನ ಪಸೆಗೆ ಮತ್ತೆ ಜೀವ ಬರುತ್ತದಂತೆ. ಜಗತ್ತಿನ ಹವ್ಯಾಸಿಗಳೆಲ್ಲ ಹಾಗೆಯೇ ಮಾಡುತ್ತಾರಂತೆ. ಅಂದರೆ ತೊಳೆಯುವ ಶಾಸ್ತ್ರದ ಹತ್ತು ವಿಧಿಗಳಲ್ಲಿ ನಮ್ಮ ಸರ್ಕಾರಿ ಕಚೇರಿಗೆ ಒಂದು ಗೊತ್ತು, ಖರ್ಚಿಲ್ಲದ್ದು.

ಈ ರಬ್ಬರ್ ಮೊಹರಿನ ಹುಟ್ಟನ್ನು ಕೆದಕಿದರೆ ಬಾಯಿಯೇ ಸಿಗುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಬಿಸಿಲಿಗೆ ಕರಗದೆ ಚಳಿಗೆ ಸಿಡಿಯದೆ ಗಟ್ಟಿಯಾಗಿ ನಿಲ್ಲುತ್ತದೆಂದು ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡದ್ದು 1839ರಲ್ಲಿ. ಅದರಿಂದ ಕಟ್ಟಿಸುವ ಹಲ್ಲಿನ ಸೆಟ್ಟುಗಳು ಅಗ್ಗವಾದವು. ದಂತವೈದ್ಯರು ದವಡೆಯ ಅಚ್ಚನ್ನು ಬೇಯಿಸಲು ಪುಟ್ಟ ಹಂಡೆಯೊಂದನ್ನು ಇಟ್ಟುಕೊಂಡಿರುತ್ತಿದ್ದರು. 1860ರ ದಶಕದಲ್ಲಿ ಅಮೆರಿಕದಲ್ಲಿ ಯಾರೋ ಅದೇ ಹಂಡೆಯಲ್ಲಿ ಅಕ್ಷರಗಳನ್ನು ಬೇಯಿಸಿದರು, ರಬ್ಬರ್ ಸ್ಟ್ಯಾಂಪು ಹುಟ್ಟಿತು. ಹಲ್ಲುಸೆಟ್ಟು ಅಣ್ಣ, ಸೀಲು ತಮ್ಮ. ಕಾನೂನಿಗೆ ಹಲ್ಲಿಲ್ಲ ಎಂದು ಕೊರಗುವವರು ಇದನ್ನು ಗಮನಿಸಬೇಕು. ಹಲ್ಲು ಇದೆ, ಉಜ್ಜಿಲ್ಲ, ಅಷ್ಟೆ. ಅಣ್ಣನನ್ನು ರಾತ್ರಿ ಲೋಟದ ನೀರಿನಲ್ಲಿ ಮಲಗಿಸಿ ಬೆಳಿಗ್ಗೆ ತಿಕ್ಕಿ ಬಾಯಿಗಿಡುತ್ತೇವೆ. ತಮ್ಮನಿಗೆ ಹುಟ್ಟಿದ ದಿನದಿಂದ ಬಾಯಿ ಮುಕ್ಕಳಿಸುವ ಭಾಗ್ಯವಿಲ್ಲ.

ಮರುದಿನ ಒಂದು ಚೀಲದಲ್ಲಿ ಹಳೆಯ ಬ್ರಶ್ಶು, ಸಣ್ಣ ಡಬ್ಬಿಯಲ್ಲಿ ಸೋಪಿನ ನೀರು, ಮೆತ್ತನೆ ಬನಿಯನ್ ಬಟ್ಟೆ, ಒಂದು ಕಟ್ಟು ರದ್ದಿ ಹಿಡಿದು ಆ ಕಚೇರಿಗೆ ಹೋದೆ. ಹೆಂಡತಿ ‘ಶ್ರಾದ್ಧಕ್ಕೆ ಹೊರಟ ಪುರೋಹಿತರ ಥರ ಇದ್ದೀರಿ’ ಅಂದಳು. ಯಾರ ಶ್ರಾದ್ಧ ಎಂದು ಕೇಳುವ ಧೈರ್ಯವಾಗಲಿಲ್ಲ.

‘ಸೀಲನ್ನ ಒಂದ್ಸಲ ತೊಳೆದು ಕೊಡ್ತೀನಿ, ಕೊಡಿ’ ಅಂದೆ.

ಅವತ್ತು ಮೊಹರು ಒತ್ತಿದ್ದ ಹಿರಿಯರು ಸೀಲನ್ನು ಎದೆಗೆ ಅವಚಿಕೊಂಡರು. ‘ತೊಳೀಬಾರ್ದು ಸಾರ್.’

‘ಯಾಕ್ರೀ?’

‘ಬದ್ಲಾಗ್ಬಿಡ್ತದೆ. ಹನ್ನೊಂದ್ ವರ್ಷದಿಂದ ಹಿಂಗೇ ಬೀಳ್ತಾ ಇರೋದು. ನಾಳೆ ದಿನ ಯಾವ್ದಾದ್ರೂ ಫೈಲ್ ತೆಗ್ದು ಮ್ಯಾಚ್ ಮಾಡಿದ್ರೆ? ಇದು ಆ ಸೀಲೇ ಅಲ್ಲ ಅಂತಾರೆ. ಡೂಪ್ಲಿಕೇಟ್ ಮಾಡ್ಸಿದೀವಿ ಅಂತ ಎನ್‌ಕ್ವೈರಿ ಹಾಕ್ತಾರೆ. ರಿಟೈರ್‌ಮೆಂಟು ಹತ್ರ ಬಂದಿದೆ ಸಾರ್ ನಂದು.’

ನಗು ಬಂತು, ಆದರೆ ತಳ್ಳಿಹಾಕಲಾಗಲಿಲ್ಲ. ಅವರು ಹೇಳಿದ್ದರಲ್ಲಿ ದೊಡ್ಡ ಸತ್ಯವಿತ್ತು. ಖೋಟಾ ಸೀಲು ಮಾಡುವವನು ಅಕ್ಷರಗಳನ್ನು ಕೆತ್ತಬಲ್ಲ. ಲೇಸರ್ ಬಂದ ಮೇಲೆ ಅರ್ಧ ಗಂಟೆಯ ಕೆಲಸ. ಹನ್ನೊಂದು ವರ್ಷದ ಕೊಳೆಯನ್ನು ಯಾರು ಕೆತ್ತಬಲ್ಲರು? ನೋಟಿಗೆ ಬೆಳ್ಳಿಯೆಳೆ ಹೇಗೋ ಸರ್ಕಾರಿ ಸೀಲಿಗೆ ಕೊಳೆ ಹಾಗೆ.

ಅನುಮತಿಗಾಗಿ ಒಳಗೆ ಹೋದೆವು. ಮ್ಯಾನೇಜರು ಕೇಳಿದ ಮೊದಲ ಪ್ರಶ್ನೆ: ತೊಳೆಯುವುದು ಯಾವ ಲೆಕ್ಕ ಶೀರ್ಷಿಕೆಗೆ ಬರುತ್ತದೆ? ಸೀಲು ಲೇಖನ ಸಾಮಗ್ರಿ, ತೊಳೆಯುವುದು ಸ್ವಚ್ಛತೆ. ಲೇಖನ ಸಾಮಗ್ರಿಯಲ್ಲಿ ಹೊಸ ಸೀಲು ಮಾಡಿಸಬಹುದು, ಹಳೆಯದನ್ನು ತೊಳೆಯಲು ಬರುವುದಿಲ್ಲ. ಸ್ವಚ್ಛತೆಯಲ್ಲಿ ನೆಲ, ಗೋಡೆ, ಶೌಚಾಲಯ ಇವೆ, ಸೀಲು ಇಲ್ಲ. ನಾನು ಖರ್ಚು ಕೇಳುತ್ತಿಲ್ಲವೆಂದೆ. ಅವರು ಇನ್ನೂ ಗಾಬರಿಯಾದರು. ಖರ್ಚಿಲ್ಲದ ಕೆಲಸಕ್ಕೆ ಕಡತ ಹೇಗೆ ಮಂಡಿಸುವುದು? ಕಡೆಗೆ ‘ನಾನು ನೋಡ್ಲಿಲ್ಲ, ಮಾಡ್ಕೊಳಿ’ ಎಂಬ ಮೌಖಿಕ ಆದೇಶವಾಯಿತು.

ಹಾಗೆಂದು ನಮ್ಮ ಸೀಲುಗಳು ಯಾವತ್ತೂ ನೀರು ಕಂಡಿಲ್ಲ ಅನ್ನುವುದು ಅನ್ಯಾಯ. ಆಯುಧಪೂಜೆಗೆ ಕಾಣುತ್ತವೆ. ಮಹಾನವಮಿಗೆ ರಜೆ ಇರುವುದರಿಂದ ಹಿಂದಿನ ದಿನ ಮಧ್ಯಾಹ್ನವೇ ಕಚೇರಿಗಳಲ್ಲಿ ಬಾಳೆಕಂದು ನಿಲ್ಲುತ್ತದೆ. ಜೀಪಿಗೆ, ಬೀರುವಿಗೆ, ಕಂಪ್ಯೂಟರಿಗೆ, ಜೆರಾಕ್ಸ್ ಯಂತ್ರಕ್ಕೆ, ಸೀಲುಗಳ ಸ್ಟ್ಯಾಂಡಿಗೆ ಪೂಜೆ. ಆವಕದ ಸೀಲು, ಜಾವಕದ ಸೀಲು, ದಿನಾಂಕದ ಸೀಲು, ರೌಂಡ್ ಸೀಲು ಎಲ್ಲವೂ ಸಾಲಾಗಿ ನಿಂತು ಅರಿಶಿನ, ಕುಂಕುಮ, ವಿಭೂತಿ ಹಚ್ಚಿಸಿಕೊಳ್ಳುತ್ತವೆ, ಬಹಳ ಸಲ ಹಿಡಿಯ ಮೇಲಲ್ಲ, ಮುಖದ ಮೇಲೇ. ಹಬ್ಬದ ಮರುವಾರ ಹೊರಬೀಳುವ ಆದೇಶಗಳಿಗೆ ಅದಕ್ಕೇ ಒಂದು ಮಂಗಳಕರ ಛಾಯೆ. ನಿಮ್ಮ ಅರ್ಜಿ ತಿರಸ್ಕೃತವಾಗಿರುತ್ತದೆ, ಆದರೆ ಕುಂಕುಮ ಬಿದ್ದಿರುತ್ತದೆ.

ಸಾಮೂಹಿಕ ಶುದ್ಧೀಕರಣವೂ ಒಮ್ಮೆ ಆಗಿದೆ. 2014ರ ನವೆಂಬರ್ 1ರಂದು ಇಂಗ್ಲಿಷಿನ ಬ್ಯಾಂಗಲೋರು ಬೆಂಗಳೂರಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಒಟ್ಟು ಹನ್ನೆರಡು ಊರು. ಊರಿನ ಹೆಸರು ಬದಲಾಗುವುದು ಜನರಿಗೆ ಅಭಿಮಾನ, ಇತಿಹಾಸಕಾರರಿಗೆ ಜಗಳ, ಸೀಲು ಮಾಡುವ ಅಂಗಡಿಯವರಿಗೆ ಸುಗ್ಗಿ. ಗ್ರಾಮ ಲೆಕ್ಕಿಗರು ಗ್ರಾಮ ಆಡಳಿತಾಧಿಕಾರಿಗಳಾದಾಗಲೂ ಅಷ್ಟೆ. ಶಾನುಭೋಗರ ಕಾಲದಿಂದ ಅದೇ ಪಹಣಿ, ಅದೇ ಗಡಿತಂಟೆ, ಸೀಲು ಮಾತ್ರ ಹೊಸದು. ನಮ್ಮಲ್ಲಿ ಸುಧಾರಣೆಯೆಂದರೆ ಇದೇ. ತೊಳೆಯುವುದಿಲ್ಲ, ಹೆಸರು ಬದಲಿಸಿ ಇನ್ನೊಂದು ಕೆತ್ತಿಸುತ್ತೇವೆ. ಅದೂ ಕೊಳೆಯಾಗುವವರೆಗೆ ಎಲ್ಲ ಸ್ಪಷ್ಟ.

ನಿಜವಾಗಿ ಸೋಪು ಹಾಕಿ ತೊಳೆಸಿಕೊಳ್ಳುವ ಸೀಲು ನಾನು ಬಲ್ಲ ಮಟ್ಟಿಗೆ ಒಂದೇ, ಅದು ಪಂಚಾಯಿತಿ ಅಧ್ಯಕ್ಷೆಯದು. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಕಚೇರಿಯ ಬೋರ್ಡಿನ ಮೇಲೆ ಅಧ್ಯಕ್ಷೆಯ ಹೆಸರು, ಕುರ್ಚಿಯ ಮೇಲೆ ಅವರ ಯಜಮಾನರು, ಯಜಮಾನರ ಅಂಗಿಯ ಜೇಬಿನಲ್ಲಿ ಸೀಲು. ಎಲ್ಲ ಕಡೆ ಹೀಗೆಂದು ಹೇಳುವುದಿಲ್ಲ, ಗಟ್ಟಿಗಿತ್ತಿಯರನ್ನೂ ಕಂಡಿದ್ದೇನೆ. ಆದರೆ ಹೀಗಿರುವ ಕಡೆ ವಾರಕ್ಕೊಮ್ಮೆ ಅಂಗಿ ಒಗೆಯಲು ಬೀಳುತ್ತದೆ, ಜೇಬಿನಲ್ಲಿ ಸೀಲು ಹಾಗೇ ಉಳಿದಿರುತ್ತದೆ. ಒಗೆಯುವವರು ಅಧ್ಯಕ್ಷೆ. ಅಧಿಕಾರದ ಮುದ್ರೆ ಅವರ ಕೈಗೆ ಸಿಗುವುದು ಹಾಗೆ, ವಾರಕ್ಕೊಂದು ಸಲ, ನೊರೆಯ ನಡುವೆ.

ರಾಷ್ಟ್ರಮಟ್ಟದಲ್ಲಿಯೂ ಒಂದು ಸ್ನಾನ ಪ್ರಸಿದ್ಧ. ತುರ್ತುಪರಿಸ್ಥಿತಿಯ ಕಾಲ, 1975. ವ್ಯಂಗ್ಯಚಿತ್ರಕಾರ ಅಬು ಅಬ್ರಹಾಂ ರಾಷ್ಟ್ರಪತಿಗಳನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ, ಅಲ್ಲಿಂದಲೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲಾಚೆಗೆ ಕೊಡುವಂತೆ ಬರೆದರು. ರಬ್ಬರ್ ಸ್ಟ್ಯಾಂಪು ಎಂಬ ಬಿರುದಿಗೂ ನೀರಿಗೂ ಇಷ್ಟು ನೇರವಾದ ಸಂಬಂಧ ಅದಕ್ಕೆ ಮೊದಲು ಯಾರೂ ಕಲ್ಪಿಸಿರಲಿಲ್ಲ.

ಕೊಳೆಯ ಬಗ್ಗೆ ಮೊದಲೇ ಯೋಚಿಸಿ ಮಾಡಿದ ಸೀಲೂ ಈ ದೇಶದಲ್ಲಿದೆ ಅನ್ನುವುದನ್ನು ಮಾತ್ರ ಗೌರವದಿಂದ ಹೇಳಬೇಕು. ಮತಪತ್ರದ ಮೇಲೆ ಒತ್ತುವ ಸೀಲು. ಜನ ಸ್ವಸ್ತಿಕದ ಸೀಲು ಅನ್ನುತ್ತಾರೆ, ಬಾಣಗಳು ಒಂದೇ ದಿಕ್ಕಿಗೆ ತಿರುಗುವ ಗುರುತು. ಮತಪತ್ರ ಮಡಿಸಿದಾಗ ಹಸಿ ಶಾಯಿ ಎದುರಿನ ಅಭ್ಯರ್ಥಿಯ ಚಿಹ್ನೆಗೂ ಮೆತ್ತಿಕೊಂಡರೆ? ಮೆತ್ತಿಕೊಂಡದ್ದು ಕನ್ನಡಿಯ ಬಿಂಬ, ಬಾಣಗಳು ಉಲ್ಟಾ ತಿರುಗುತ್ತವೆ. ಯಾವುದು ಒತ್ತಿದ್ದು, ಯಾವುದು ಮೆತ್ತಿದ್ದು ಎಂದು ಎಣಿಸುವವರು ಕೂಡಲೇ ಹೇಳಬಹುದು. ಗುರುತು ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಮತವನ್ನು ತಿರಸ್ಕರಿಸುವಂತಿಲ್ಲ, ಮತದಾರನ ಇಂಗಿತ ತಿಳಿದರೆ ಸಾಕು ಎಂದು ನಿಯಮವೇ ಇದೆ. ಮತಗಟ್ಟೆಯಲ್ಲಿ ನನ್ನ ಮಸುಕನ್ನು ಮನ್ನಿಸುವ ಸರ್ಕಾರ ಪಿಂಚಣಿಯ ಕೌಂಟರಿನಲ್ಲಿ ಮನ್ನಿಸುವುದಿಲ್ಲ. ಮೊದಲನೆಯದರಲ್ಲಿ ಕೊಡುವವನು ನಾನು, ಎರಡನೆಯದರಲ್ಲಿ ಬೇಡುವವನು. ಇನ್ನು ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿ 1962ರ ಚುನಾವಣೆಯಿಂದ ಹೋಗುತ್ತಿರುವುದು ನಮ್ಮ ಮೈಸೂರಿನ ಕಾರ್ಖಾನೆಯಿಂದಲೇ, ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. ತೊಳೆದರೂ ಹೋಗದ ಮಸಿ ಮಾಡುವುದರಲ್ಲಿ ನಮ್ಮ ಕೈ ಪಳಗಿದೆ. ತೊಳೆದರೆ ಹೋಗುವುದನ್ನು ತೊಳೆಯಲು ಮಾತ್ರ ಕೈ ಬರುವುದಿಲ್ಲ.

ಇರಲಿ, ಸೀಲಿಗೆ ಬರೋಣ. ಮೊದಲು ರೌಂಡ್ ಸೀಲು ನೋಡಿದೆ. ಅದರಲ್ಲಿ ರಾಜ್ಯದ ಲಾಂಛನ. ನಡುವೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ಮೋರೆಯ ಶರಭಗಳು, ಮೇಲೆ ಅಶೋಕನ ಸಿಂಹಗಳು, ಕೆಳಗೆ ಸತ್ಯಮೇವ ಜಯತೇ. ಅದೆಲ್ಲ ಇರಬೇಕಾದದ್ದು. ಇದ್ದದ್ದು ಒಂದು ಕಪ್ಪು ಬಿಲ್ಲೆ, ಉಪ್ಪಿನಕಾಯಿಯ ಹೋಳಿನಂತೆ. ಸಿಂಹಗಳು ಕಂತಿದ್ದವು. ಹಕ್ಕಿಯ ಎರಡೂ ತಲೆ ಸೇರಿ ಒಂದಾಗಿದ್ದವು. ಕೆಳಗಿನ ಸಾಲಿನಲ್ಲಿ ‘ಸತ್ಯಮೇವ’ ಪೂರ್ತಿ ಮುಚ್ಚಿಹೋಗಿ ‘ಜಯತೇ’ ಮಾತ್ರ ಓದಲು ಬರುತ್ತಿತ್ತು. ಅದನ್ನು ಮುಟ್ಟಲು ನನಗೂ ಭಯವಾಯಿತು.

ನನಗೆ ಬೇಕಾದದ್ದು ಹುದ್ದೆಯ ಸೀಲು. ಅಧಿಕಾರಿಯ ಹೆಸರಿಲ್ಲದ್ದು. ಅವರು ವರ್ಗವಾಗಿ ಹೋಗುತ್ತಾರೆ, ಇದು ಇಲ್ಲೇ ಇರುತ್ತದೆ. ಕನ್ನಡದ ಸೀಲಿಗೆ ಇಂಗ್ಲಿಷಿನದಕ್ಕಿಲ್ಲದ ಒಂದು ಸಂಕಟವಿದೆ. ನಮ್ಮ ಅಕ್ಷರಗಳೆಲ್ಲ ದುಂಡು, ಹೊಟ್ಟೆ ಹೊಟ್ಟೆ. ಪ್ರತಿ ಹೊಟ್ಟೆಯೂ ಶಾಯಿ ನಿಲ್ಲುವ ಹೊಂಡ. ಠಕಾರದ ಒಳಗಿನ ಚುಕ್ಕೆ ಮೊದಲು ಮುಳುಗುತ್ತದೆ. ಆಮೇಲೆ ಸೊನ್ನೆ ತುಂಬಿ ಗೋಲಿಯಾಗುತ್ತದೆ. ಹೊಟ್ಟೆ ಸೀಳಿದ ಷ ಹೊಲಿಗೆ ಹಾಕಿಸಿಕೊಂಡು ಬೇರೇನೋ ಆಗುತ್ತದೆ. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಜೋತುಬಿದ್ದ ಬಾವಲಿಗಳಾಗುತ್ತವೆ. ಎಲ್ಲಕ್ಕಿಂತ ಮೊದಲು ಸಾಯುವುದು ಮಹಾಪ್ರಾಣ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲೊಂದು ಚೂರು ಸೀಳು. ಅದರಲ್ಲಿ ಶಾಯಿ ಗಟ್ಟಿಯಾಯಿತೋ, ‘ಅಧಿಕಾರಿ’ ‘ಅದಿಕಾರಿ’ಯಾಗುತ್ತಾನೆ. ಕನ್ನಡದ ಬರಹಕ್ಕೆ ಮಹಾಪ್ರಾಣಗಳು ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಮೇಷ್ಟ್ರುಗಳಾದ ನಾವೆಲ್ಲ ಎದ್ದು ಕೂಗಾಡಿದೆವು. ಅದೇ ಹೊತ್ತಿಗೆ ನಾಡಿನ ಅದೆಷ್ಟು ಇಂಕ್ ಪ್ಯಾಡುಗಳು ಯಾವ ವಾದವೂ ಇಲ್ಲದೆ ಆ ಕೆಲಸ ಮಾಡಿ ಮುಗಿಸುತ್ತಿದ್ದವೋ.

ಈಗ ನೋಡಿ, ಆ ‘ಹಾ…’ ಎಂಬ ಉಸಿರಿನ ಅರ್ಥ. ಮಹಾಪ್ರಾಣವೆಂದರೆ ಉಸಿರೇ ಅಲ್ಲವೆ? ದಕಾರಕ್ಕೆ ಹಕಾರದ ಉಸಿರು ಕೂಡಿದರೆ ಧಕಾರ. ಹೋದ ಪ್ರಾಣವನ್ನು ಆ ಹಿರಿಯರು ದಿನಕ್ಕೆ ಐವತ್ತು ಸಲ ತಮ್ಮ ಎದೆಗೂಡಿನಿಂದ ತುಂಬುತ್ತಿದ್ದರು. ವ್ಯಾಕರಣ ಪಾಠ ಮಾಡಿದ ನನಗೆ ಕಣ್ಣು ಒದ್ದೆಯಾಯಿತು.

ಕೆಲಸಕ್ಕೆ ತೊಡಗಿದೆ. ರದ್ದಿಯ ಮೇಲೆ ಒತ್ತಿದೆ. ಮೊದಲು ನೇರಳೆ ಬಂತು. ಒದ್ದೆ ಬಟ್ಟೆ ಸೋಕಿಸಿ ಮತ್ತೆ ಒತ್ತಿದೆ, ನೀಲಿ. ಮತ್ತೆ ಒತ್ತಿದೆ, ಕೆಂಪು. ಕುಂಕುಮವಿರಬೇಕು. ಆಮೇಲೆ ಹಳದಿ, ಆಮೇಲೆ ವಿಭೂತಿಯ ಬೂದಿ, ಮತ್ತೆ ನೇರಳೆ. ಒಂದೊಂದು ಪದರಕ್ಕೂ ಒಂದೊಂದು ದಸರೆ. ಉತ್ಖನನ ಮಾಡುವವರಿಗೆ ಹೀಗೇ ಅನ್ನಿಸುತ್ತಿರಬೇಕು. ಒಂದು ಕಡೆ ಬೆಕ್ಕಿನದೋ ಅಧಿಕಾರಿಯದೋ ಕೂದಲು ಸಿಕ್ಕಿತು. ಸಂದಿಗಳಲ್ಲಿ ಗುಂಡುಸೂಜಿಯಿಂದ ಕೆರೆದ ಗಾಯಗಳಿದ್ದವು. ಹಿಂದೆ ಯಾರೋ ಪುಣ್ಯಾತ್ಮರು ಪ್ರಯತ್ನಿಸಿದ್ದಾರೆ, ರಬ್ಬರನ್ನು ಸೀಳಿದ್ದಾರೆ, ಕೈಬಿಟ್ಟಿದ್ದಾರೆ. ಸೋಪಿನ ನೀರಿನಲ್ಲಿ ಬ್ರಶ್ಶು ಅದ್ದಿ ಮೆಲ್ಲಗೆ ಉಜ್ಜಿದೆ. ಕಚೇರಿ ಕೆಲಸ ಬಿಟ್ಟು ಸುತ್ತ ನೆರೆದಿತ್ತು. ‘ನಾನು ನೋಡ್ಲಿಲ್ಲ’ ಅಂದಿದ್ದ ಮ್ಯಾನೇಜರೂ ನೋಡುತ್ತಿದ್ದರು. ಬನಿಯನ್ ಬಟ್ಟೆಯಿಂದ ಒರೆಸಿ, ಪ್ಯಾಡಿಗೆ ಹಗುರವಾಗಿ ತಾಗಿಸಿ, ಬಿಳಿ ಹಾಳೆಯ ಮೇಲೆ ಒತ್ತಿದೆ.

ಸೊಸೆಯ ಚಿಟ್ಟೆಯಷ್ಟೇ ಸ್ಪಷ್ಟ. ಪ್ರತಿ ಗೆರೆ, ಪ್ರತಿ ಒತ್ತು, ಪ್ರತಿ ಸೊನ್ನೆ ಕಣ್ಣಿಗೆ ಕಟ್ಟುವಂತೆ ಮೂಡಿತ್ತು. ಮೊದಲ ಸಾಲು ಓದಿದೆ. ಮತ್ತೊಮ್ಮೆ ಓದಿದೆ. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದೆ.

‘ಅದಿಕಾರಿ’ ಎಂದೇ ಇತ್ತು.

ಕೊಳೆ ಮಹಾಪ್ರಾಣವನ್ನು ಕೊಂದಿರಲಿಲ್ಲ. ಅದು ಹುಟ್ಟೇ ಇರಲಿಲ್ಲ. ಸೀಲು ಮಾಡಿದವನು ದಕಾರವನ್ನೇ ಕೆತ್ತಿದ್ದ. ಹನ್ನೊಂದು ವರ್ಷ, ಅಷ್ಟೊಂದು ಆದೇಶ, ದೃಢೀಕರಣ, ನೋಟೀಸು. ಅಲ್ಲಿಯವರೆಗೆ ಕೊಳೆ ಆ ಕಚೇರಿಯ ಮಾನ ಕಾಯ್ದಿತ್ತು. ಮಸುಕಿನೊಳಗೆ ಒಂದು ಧಕಾರ ಇದ್ದಿರಬಹುದು ಎಂಬ ಅನುಮಾನದ ಲಾಭ ಎಲ್ಲರಿಗೂ ಸಿಗುತ್ತಿತ್ತು. ಒಂದು ಹನಿ ಸೋಪಿನಿಂದ ನಾನು ಅದನ್ನು ಕಳೆದಿದ್ದೆ.

ಯಾರೂ ಮಾತಾಡಲಿಲ್ಲ. ಒಬ್ಬ ಗುಮಾಸ್ತರು ‘ತೊಳೆಯೋ ಮೊದ್ಲು ಚೆನ್ನಾಗಿತ್ತು’ ಅಂದರು.

ಸೀಲು ಸ್ಪಷ್ಟವಾಗಿದೆ ಎಂಬ ಭಂಡ ಧೈರ್ಯದಿಂದ ಆ ಮುದ್ರೆಯನ್ನೇ ಹೊಸ ಫಾರಮ್ಮಿಗೆ ಹಾಕಿಸಿಕೊಂಡು ಹೋದೆ. ಪಿಂಚಣಿಯ ಕೌಂಟರಿನ ಹೆಣ್ಣುಮಗಳು ಒಮ್ಮೆ ಕಾಗದ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ‘ಇಷ್ಟು ನೀಟಾಗಿ ಬರಲ್ಲ ಸಾರ್ ಸೀಲು. ಕಲರ್ ಪ್ರಿಂಟ್ ಥರ ಇದೆ.’ ಹಳೆಯ ಕಡತ ತೆಗೆದು ಹೋದ ವರ್ಷದ್ದರ ಜೊತೆ ಇಟ್ಟು ತೋರಿಸಿದಳು. ‘ನೋಡಿ, ಮ್ಯಾಚ್ ಆಗ್ತಿಲ್ಲ. ಅದೂ ಅಲ್ದೆ ಅಧಿಕಾರಿ ಅನ್ನೋದೇ ತಪ್ಪಾಗಿದೆ. ಸರ್ಕಾರದ ಸೀಲಲ್ಲಿ ಸ್ಪೆಲ್ಲಿಂಗ್ ತಪ್ಪಿರತ್ತಾ?’

‘ಹೋದ ವರ್ಷದ್ದರಲ್ಲೂ ಅದೇ ಇತ್ತಮ್ಮ, ಕಾಣ್ತಿರಲಿಲ್ಲ.’

‘ಕಾಣ್ತಿರಲಿಲ್ಲ, ಆದ್ರೆ ಪಾಸಾಗಿದೆಯಲ್ಲ ಸಾರ್. ಹಾಗೇ ಹಾಕಿಸ್ಕೊಂಡು ಬನ್ನಿ.’

‘ಮೊನ್ನೆ ತಂದಾಗ ಅಸ್ಪಷ್ಟ ಅಂದ್ರಲ್ಲ?’

‘ಮೊನ್ನೇದು ತೀರಾ ಅಸ್ಪಷ್ಟ. ಇಷ್ಟೊಂದೂ ಬೇಡ, ಅಷ್ಟೊಂದೂ ಬೇಡ’ ಅಂದಳು, ಮೈಸೂರುಪಾಕಿಗೆ ಸಕ್ಕರೆಯ ಎಳೆ ನೋಡುವವಳ ತಾಳ್ಮೆಯಿಂದ. ‘ಹದವಾಗಿರ್ಬೇಕು.’

ಮತ್ತೆ ಆ ಕಚೇರಿ. ಎಂಟನೆಯ ದಿನ. ನನ್ನ ಬ್ರಶ್ಶು ಸಾಹೇಬರ ಟೀ ಫ್ಲಾಸ್ಕಿನ ಕತ್ತು ತೊಳೆಯುತ್ತಿತ್ತು. ನಾಲ್ಕೇ ದಿನದಲ್ಲಿ ಸೀಲು ಅರ್ಧ ಚೇತರಿಸಿಕೊಂಡಿತ್ತು. ವಿಷಯ ಹೇಳಿ ತಪ್ಪೊಪ್ಪಿಕೊಂಡೆ. ಆ ಹಿರಿಯರು ಒಂದು ಮಾತೂ ಆಡಿ ತೋರಿಸಲಿಲ್ಲ. ಹೋದ ವರ್ಷದ ಜೆರಾಕ್ಸ್ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಫ್ಯಾನಿನ ಕೆಳಗೆ ಬಾಯಿ ತೆರೆದು ಮಲಗಿದ್ದ ಪ್ಯಾಡಿನ ಒಂದು ಮೂಲೆ ಆರಿಸಿ ಸೀಲನ್ನು ಅದ್ದಿದರು. ರದ್ದಿಯ ಮೇಲೆ ಒತ್ತಿ, ತಲೆಯಾಡಿಸಿ, ಹೆಬ್ಬೆರಳಿನಿಂದ ಒಂದು ಕಡೆ ಸವರಿದರು. ಮತ್ತೆ ಒತ್ತಿದರು. ‘ದ’ ಇನ್ನೂ ದಕಾರದಂತೆಯೇ ಕಾಣುತ್ತಿತ್ತು. ಮೇಜಿನ ಅಂಚಿನ ಧೂಳಿಗೆ ಸೀಲನ್ನು ತುಸು ತಾಗಿಸಿದರು. ಮತ್ತೆ ಒತ್ತಿದರು. ಈಗ ಅದು ದಕಾರವೂ ಆಗಬಹುದಿತ್ತು, ಧಕಾರವೂ ಆಗಬಹುದಿತ್ತು.

‘ಫಾರಂ ಇಡಿ ಸಾರ್.’

ಇಟ್ಟೆ. ಅವರು ಸೀಲನ್ನು ಬಾಯಿಯ ಹತ್ತಿರ ತಂದು, ಕಣ್ಣು ಮುಚ್ಚಿ, ‘ಹಾ…’ ಎಂದು ಉಸಿರು ಬಿಟ್ಟರು.

ದಪ್!

ನಾನು ಬದುಕಿದೆ.